ಐದು ವಾರಗಳ ಸೂರು: ಉಚಿತ ತೆರಿಗೆ ನೆರವು ಕೇಂದ್ರವೊಂದರ ಪ್ರಕರಣ ಅಧ್ಯಯನ

ಅಮೆರಿಕದ ಮಧ್ಯಪಶ್ಚಿಮ ಭಾಗದ ನಗರವೊಂದರಲ್ಲಿ, ಸಾರ್ವಜನಿಕ ಗ್ರಂಥಾಲಯದ ಸಭಾಕೊಠಡಿಯಲ್ಲಿ ನಡೆಯುವ ಉಚಿತ ತೆರಿಗೆ ನೆರವು ಕೇಂದ್ರಕ್ಕೆ 2024ರ ಫೆಬ್ರವರಿಯಲ್ಲಿ ಬಂದ ಪ್ರಕರಣವಿದು. ಅಲ್ಲಿ ಒಬ್ಬ ಸ್ವಯಂಸೇವಕರು ತಯಾರಿಸಿದ ರಿಟರ್ನನ್ನು ಇನ್ನೊಬ್ಬರು ದಾಖಲೆಗಳೊಡನೆ ತಾಳೆ ನೋಡಿದ ಮೇಲೆಯೇ ಸಲ್ಲಿಸಬೇಕೆಂಬ ನಿಯಮವಿದ್ದು, ನನ್ನದು ಆ ಎರಡನೆಯವರ ಕೆಲಸ. ಕುಟುಂಬದ ಗುರುತು ಸಿಗದಂತೆ ಉದ್ಯೋಗ, ವಯಸ್ಸು ಮತ್ತು ಇತರ ವಿವರಗಳನ್ನು ಮಾರ್ಪಡಿಸಿದ್ದೇನೆ, ಮೊತ್ತಗಳನ್ನು ಸುತ್ತುಗೊಳಿಸಿದ್ದೇನೆ. ಕೈಗೊಂಡ ತೀರ್ಮಾನಗಳನ್ನೂ ಅವುಗಳ ಕ್ರಮವನ್ನೂ ಬದಲಿಸಿಲ್ಲ. ಇಂಥ ಕೇಂದ್ರಗಳಲ್ಲಿ ಕೆಲಸ ಮಾಡುತ್ತಿರುವ, ಮುಂದಿನ ಚಳಿಗಾಲಕ್ಕೆ ಹೆಸರು ಕೊಡಬೇಕೆಂದಿರುವ ಕನ್ನಡಿಗರಿಗೆ ಇದು ಉಪಯೋಗಕ್ಕೆ ಬರಲಿ ಎಂಬುದು ನನ್ನ ಉದ್ದೇಶ.

ಹಿನ್ನೆಲೆ

ವಾಲಂಟಿಯರ್ ಇನ್‌ಕಮ್ ಟ್ಯಾಕ್ಸ್ ಅಸಿಸ್ಟೆನ್ಸ್ ಕಾರ್ಯಕ್ರಮ, ಎಲ್ಲರೂ ಕರೆಯುವಂತೆ ವೀಟಾ, 1969ರಲ್ಲಿ ಆರಂಭವಾಯಿತು. ಅಲ್ಲಿನ ತೆರಿಗೆ ಇಲಾಖೆಯಾದ ಐಆರ್‌ಎಸ್ ತರಬೇತಿ ಸಾಮಗ್ರಿ, ಪರೀಕ್ಷೆ ಮತ್ತು ತಂತ್ರಾಂಶ ಒದಗಿಸುತ್ತದೆ. ಗ್ರಂಥಾಲಯ, ಸಮುದಾಯ ಸಂಸ್ಥೆ, ಕಾಲೇಜುಗಳು ಜಾಗ ಮತ್ತು ಜನರನ್ನು ಒದಗಿಸುತ್ತವೆ. 2024ರ ತೆರಿಗೆ ಸಲ್ಲಿಕೆಯ ಋತುವಿನಲ್ಲಿ ಸಾಮಾನ್ಯವಾಗಿ ವರ್ಷಕ್ಕೆ 64,000 ಡಾಲರ್‌ವರೆಗೆ ಆದಾಯವಿರುವವರಿಗೆ ಈ ಸೇವೆ ತೆರೆದಿತ್ತು. ಸ್ವಯಂಸೇವಕರು ಪ್ರತಿವರ್ಷ ಪರೀಕ್ಷೆ ಪಾಸು ಮಾಡಿ, ನಡವಳಿಕೆಯ ನಿಯಮಗಳಿಗೆ ಸಹಿ ಹಾಕಬೇಕು. ಆ ನಿಯಮಗಳಲ್ಲಿ ಎರಡು ಈ ಪ್ರಕರಣಕ್ಕೆ ನೇರವಾಗಿ ಸಂಬಂಧಿಸಿದವು: ಯಾರಿಂದಲೂ ಹಣ ಪಡೆಯಬಾರದು, ಮತ್ತು ಸುಳ್ಳೆಂದು ತಿಳಿದೂ ಯಾವ ರಿಟರ್ನನ್ನೂ ತಯಾರಿಸಬಾರದು.

ಭಾರತದ ಪದ್ಧತಿಗೆ ಒಗ್ಗಿದವರಿಗೆ ಇಲ್ಲಿ ಎರಡು ವ್ಯತ್ಯಾಸಗಳು ಮೊದಲೇ ತಿಳಿದಿರಬೇಕು. ನಮ್ಮಲ್ಲಿ ಗಂಡ ಹೆಂಡತಿ ಬೇರೆ ಬೇರೆಯಾಗಿಯೇ ರಿಟರ್ನ್ ಸಲ್ಲಿಸುತ್ತಾರೆ, ರೀಫಂಡ್ ಎಂದರೆ ಹೆಚ್ಚಾಗಿ ಕಟ್ಟಿದ ತೆರಿಗೆ ಹಿಂದಿರುಗುವುದು. ಅಮೆರಿಕದಲ್ಲಿ ದಂಪತಿ ಒಟ್ಟಾಗಿ ಒಂದೇ ರಿಟರ್ನ್ ಸಲ್ಲಿಸಬಹುದು, ಅಥವಾ ಪ್ರತ್ಯೇಕವಾಗಿ ಸಲ್ಲಿಸಬಹುದು. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ‘ಹೆಡ್ ಆಫ್ ಹೌಸ್‌ಹೋಲ್ಡ್’ ಎಂಬ ಮೂರನೆಯ, ಹೆಚ್ಚು ಅನುಕೂಲದ ವರ್ಗವಿದೆ. ಎರಡನೆಯದಾಗಿ, ದುಡಿಯುವ ಬಡ ಕುಟುಂಬಗಳಿಗೆ ಸರ್ಕಾರದ ನಗದು ನೆರವು ಬಹುಮಟ್ಟಿಗೆ ತೆರಿಗೆ ರಿಟರ್ನಿನ ಮೂಲಕವೇ ತಲುಪುತ್ತದೆ. 1975ರಲ್ಲಿ ಜಾರಿಗೆ ಬಂದ ಅರ್ನ್ಡ್ ಇನ್‌ಕಮ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ದುಡಿಮೆಯ ಕ್ರೆಡಿಟ್, ಕಟ್ಟಬೇಕಾದ ತೆರಿಗೆ ಸೊನ್ನೆಯಾದ ಮೇಲೂ ಉಳಿಯುವ ಮೊತ್ತವನ್ನು ಕೈಗೆ ಕೊಡುತ್ತದೆ. 2023ರ ಆದಾಯಕ್ಕೆ ಇಬ್ಬರು ಮಕ್ಕಳಿರುವ ಕುಟುಂಬಕ್ಕೆ ಅದರ ಗರಿಷ್ಠ ಮೊತ್ತ 6,604 ಡಾಲರ್. ಇದರ ಜೊತೆಗೆ ಮಕ್ಕಳ ಕ್ರೆಡಿಟ್ ಬೇರೆ. ವರ್ಷಕ್ಕೆ ಇಪ್ಪತ್ತೈದು ಸಾವಿರ ಡಾಲರ್ ದುಡಿಯುವವರಿಗೆ ಇದು ಮೂರು ನಾಲ್ಕು ತಿಂಗಳ ಸಂಪಾದನೆಗೆ ಸಮ. ಬಾಡಿಗೆಯ ಬಾಕಿ, ಕಾರಿನ ರಿಪೇರಿ, ಮಕ್ಕಳ ಹಲ್ಲಿನ ಚಿಕಿತ್ಸೆ ಎಲ್ಲವೂ ಈ ರೀಫಂಡಿಗಾಗಿ ಕಾಯುತ್ತಿರುತ್ತವೆ.

ಶ್ರೀಮತಿ ಸ. ಎಂದು ಇಲ್ಲಿ ಕರೆಯುವ ಮಹಿಳೆ ಮೂವತ್ತರ ಹರೆಯದವರು. ಬೆಳಗ್ಗೆ ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿ 2023ರಲ್ಲಿ 18,200 ಡಾಲರ್ ಸಂಬಳ ಪಡೆದಿದ್ದರು. ಸಂಜೆ ಕಚೇರಿಗಳನ್ನು ಸ್ವಚ್ಛಗೊಳಿಸುವ ಕೆಲಸದಿಂದ 9,600 ಡಾಲರ್ ಬಂದಿತ್ತು, ಆದರೆ ಕೆಲಸ ಕೊಟ್ಟವರು ಅವರನ್ನು ನೌಕರರೆಂದು ತೋರಿಸದೆ ಸ್ವತಂತ್ರ ಗುತ್ತಿಗೆದಾರರೆಂದು ತೋರಿಸಿ 1099 ನಮೂನೆ ಕೊಟ್ಟಿದ್ದರು. ಒಂಬತ್ತು ಮತ್ತು ಐದು ವರ್ಷದ ಇಬ್ಬರು ಮಕ್ಕಳು ವರ್ಷವಿಡೀ ಅವರ ಜೊತೆಯಲ್ಲೇ ಇದ್ದರು. ಪತಿ ಏಪ್ರಿಲ್‌ನಲ್ಲಿ ಮನೆ ಬಿಟ್ಟು ಹೋಗಿದ್ದರು, ವಿಚ್ಛೇದನವಾಗಿರಲಿಲ್ಲ. ಹಿಂದಿನ ವರ್ಷದ ರಿಟರ್ನನ್ನು ಬಸ್ ನಿಲ್ದಾಣದ ಬಳಿಯ ಒಂದು ತೆರಿಗೆ ಅಂಗಡಿಯವರು ಮಾಡಿಕೊಟ್ಟಿದ್ದರು. ಅವರ ಶುಲ್ಕ ನಾನೂರು ಡಾಲರಿಗೂ ಹೆಚ್ಚು, ಅದು ರೀಫಂಡಿನಲ್ಲೇ ಮುರಿದುಹೋಗಿತ್ತು. ಈ ಸಲ ಆ ಹಣ ಉಳಿಸಲೆಂದು ಅವರು ನಮ್ಮಲ್ಲಿಗೆ ಬಂದಿದ್ದರು.

ಒಂದು ಪ್ರಶ್ನೆಯಿಂದ ಎದ್ದ ಸಮಸ್ಯೆ

ಕೇಂದ್ರಕ್ಕೆ ಬಂದವರು ಮೊದಲು 13614-ಸಿ ಎಂಬ ಮಾಹಿತಿ ನಮೂನೆ ತುಂಬಬೇಕು. ಅದರಲ್ಲಿ ವಿವಾಹಿತರಿಗೆ ಒಂದು ಪ್ರಶ್ನೆಯಿದೆ: ವರ್ಷದ ಕೊನೆಯ ಆರು ತಿಂಗಳ ಯಾವುದಾದರೂ ಭಾಗದಲ್ಲಿ ಸಂಗಾತಿಯೊಡನೆ ವಾಸವಾಗಿದ್ದಿರಾ? ಶ್ರೀಮತಿ ಸ. ‘ಇಲ್ಲ’ ಎಂದು ಗುರುತು ಹಾಕಿದ್ದರು. ಕಾನೂನಿನ ದೃಷ್ಟಿಯಿಂದ ವಿವಾಹಿತರೇ ಆಗಿದ್ದರೂ, ಜುಲೈ ಒಂದರಿಂದ ಡಿಸೆಂಬರ್ ಕೊನೆಯವರೆಗೆ ಸಂಗಾತಿ ಮನೆಯಲ್ಲಿ ವಾಸವಿಲ್ಲದೆ, ಮಗು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ಜೊತೆಗಿದ್ದು, ಮನೆಯ ಖರ್ಚಿನ ಅರ್ಧಕ್ಕಿಂತ ಹೆಚ್ಚನ್ನು ತಾವೇ ಭರಿಸಿದವರು ಹೆಡ್ ಆಫ್ ಹೌಸ್‌ಹೋಲ್ಡ್ ಆಗಿ ಸಲ್ಲಿಸಬಹುದು. ಆ ‘ಇಲ್ಲ’ದ ಆಧಾರದ ಮೇಲೆ ತಯಾರಾದ ಕರಡು ರಿಟರ್ನಿನಲ್ಲಿ ರೀಫಂಡ್ ಸುಮಾರು 8,200 ಡಾಲರ್ ಎಂದು ಬಂತು.

ಪರಿಶೀಲನೆಗೆ ಕಡತ ನನ್ನ ಮೇಜಿಗೆ ಬಂದಾಗ, ಮನೆಯ ಖರ್ಚು ಯಾರು ಹೊತ್ತರು ಎಂಬುದನ್ನು ನಾನು ತಿಂಗಳ ಲೆಕ್ಕದಲ್ಲಿ ಕೇಳುತ್ತಾ ಹೋದೆ. ಜೂನ್‌ನಲ್ಲಿ ಬಾಡಿಗೆ ಯಾರು ಕೊಟ್ಟರು, ಆಗಸ್ಟ್‌ನಲ್ಲಿ ದಿನಸಿ ಯಾರು ತಂದರು, ಹೀಗೆ. ಆಗಸ್ಟ್ ತಿಂಗಳು ಬಂದಾಗ ಅವರು ಸಹಜವಾಗಿ, ಏನನ್ನೂ ಮುಚ್ಚಿಡದೆ, ಆ ತಿಂಗಳು ಪತಿಯೂ ಸ್ವಲ್ಪ ದಿನಸಿ ತಂದಿದ್ದರೆಂದರು. ಬಾಡಿಗೆ ಕೋಣೆ ಕಳೆದುಕೊಂಡಿದ್ದ ಪತಿ ಆಗಸ್ಟ್ ಆರಂಭದಿಂದ ಸೆಪ್ಟೆಂಬರ್‌ನ ಮೊದಲ ವಾರದವರೆಗೆ, ಸುಮಾರು ಐದು ವಾರ, ಇವರ ಮನೆಯ ಹಾಲ್‌ನಲ್ಲಿ ಮಲಗುತ್ತಿದ್ದರು. ನಾವು ಗಂಡ ಹೆಂಡತಿಯಾಗಿ ಬಾಳಲಿಲ್ಲ, ಮಕ್ಕಳ ತಂದೆ ರಸ್ತೆಯಲ್ಲಿ ಮಲಗುವುದನ್ನು ನೋಡಲಾಗಲಿಲ್ಲ, ಅದಕ್ಕೇ ‘ಇಲ್ಲ’ ಎಂದು ಬರೆದೆ ಎಂದು ಅವರು ವಿವರಿಸಿದರು. ಪ್ರಶ್ನೆಯನ್ನು ಅವರು ದಾಂಪತ್ಯದ ಪ್ರಶ್ನೆಯಾಗಿ ಓದಿದ್ದರು; ಅದು ಕೇಳುತ್ತಿದ್ದದ್ದು ಒಂದೇ ಸೂರಿನಡಿ ಇದ್ದ ವಾಸವನ್ನು.

ಭೇಟಿ ಎಲ್ಲಿ ಮುಗಿಯುತ್ತದೆ, ವಾಸ ಎಲ್ಲಿ ಆರಂಭವಾಗುತ್ತದೆ ಎಂದು ದಿನಗಳ ಲೆಕ್ಕದಲ್ಲಿ ಹೇಳುವ ಗೆರೆ ನಮ್ಮ ಕೈಪಿಡಿಯಲ್ಲಿಲ್ಲ. ಕೇಂದ್ರದ ಸಂಯೋಜಕರೂ ನಾನೂ ಸಂಗತಿಗಳನ್ನು ಒಂದೊಂದಾಗಿ ತೂಗಿದೆವು. ಆ ಐದು ವಾರ ಪತಿಗೆ ಬೇರೆಲ್ಲೂ ನೆಲೆಯಿರಲಿಲ್ಲ. ಬಟ್ಟೆಬರೆ ಇಲ್ಲೇ ಇದ್ದವು, ಮನೆಯ ಬೀಗದ ಕೈ ಅವರ ಬಳಿಯಿತ್ತು, ಅಂಚೆ ಇದೇ ವಿಳಾಸಕ್ಕೆ ಬರುತ್ತಿತ್ತು. ವಾರಾಂತ್ಯಕ್ಕೆ ಮಕ್ಕಳನ್ನು ನೋಡಲು ಬಂದು ಉಳಿದಿದ್ದರೆ ಅದನ್ನು ಭೇಟಿ ಎನ್ನಬಹುದಿತ್ತು. ಇದನ್ನು ವಾಸವಲ್ಲ ಎನ್ನಲು ನಮಗೆ ಸಾಧ್ಯವಾಗಲಿಲ್ಲ. ಹೆಡ್ ಆಫ್ ಹೌಸ್‌ಹೋಲ್ಡ್ ದಾರಿ ಅಲ್ಲಿಗೆ ಮುಚ್ಚಿತು.

ಈ ನಿಯಮ ಕಠೋರವೆಂದೇ ನನ್ನ ಅಭಿಪ್ರಾಯ. ನೆಲೆ ತಪ್ಪಿದ ಮನುಷ್ಯನಿಗೆ ಕೆಲವು ವಾರ ಜಾಗ ಕೊಟ್ಟ ಒಳ್ಳೆಯತನಕ್ಕೇ ಈ ಮಹಿಳೆ ಬೆಲೆ ತೆರಬೇಕಾಗಿ ಬಂದಿತ್ತು. ಆದರೆ ನಿಯಮ ಕಠೋರವೆಂಬ ಕಾರಣಕ್ಕೆ ಸಂಗತಿಯನ್ನು ಬದಲಿಸಿ ಬರೆಯುವ ಅಧಿಕಾರ ನಮಗಿರಲಿಲ್ಲ, ಹಾಗೆ ಬರೆದರೆ ಅದರ ಪರಿಣಾಮ ಉಣ್ಣಬೇಕಾದವರು ನಾವಲ್ಲ, ಅವರು. ನಿಯಮವನ್ನು ಅಸಡ್ಡೆಯಿಂದ ಉಪೇಕ್ಷಿಸಿ ದುಡಿಮೆಯ ಕ್ರೆಡಿಟ್ ಪಡೆದವರಿಗೆ ಎರಡು ವರ್ಷ, ವಂಚನೆಯೆಂದು ಸಾಬೀತಾದರೆ ಹತ್ತು ವರ್ಷ ಅದನ್ನು ಮತ್ತೆ ಕೇಳುವ ಹಕ್ಕಿರುವುದಿಲ್ಲ. ಪಡೆದ ಹಣವನ್ನು ಬಡ್ಡಿ ದಂಡಗಳೊಡನೆ ಹಿಂದಿರುಗಿಸುವುದು ಬೇರೆ.

ಮೂರು ದಾರಿಗಳು

ಆ ದಿನ ಶ್ರೀಮತಿ ಸ. ಎದ್ದು ಹೋಗುವುದರಲ್ಲಿದ್ದರು. ಅಂಗಡಿಯವರು ಇಷ್ಟೆಲ್ಲ ಕೇಳುವುದಿಲ್ಲ, ಅಲ್ಲಿ ರೀಫಂಡಿನ ಮೇಲೆ ಅದೇ ದಿನ ಮುಂಗಡವನ್ನೂ ಕೊಡುತ್ತಾರೆ ಎಂದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ತಿಂಗಳ ಬಾಡಿಗೆ ಬಾಕಿಯಿತ್ತು, ಮಾಲೀಕರ ನೋಟಿಸ್ ಬಂದಿತ್ತು. ‘ಇದು ಆಗುವುದಿಲ್ಲ’ ಎಂದಷ್ಟೇ ಹೇಳಿ ಕಳಿಸಿದ್ದರೆ ಅವರು ಸಂಜೆಯೊಳಗೆ ಆ ಅಂಗಡಿಯಲ್ಲಿರುತ್ತಿದ್ದರು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಸಂಯೋಜಕರು ಅವರ ಸರದಿಯ ಸಮಯವನ್ನು ವಿಸ್ತರಿಸಿ, ಮೂರೂ ದಾರಿಗಳ ಲೆಕ್ಕವನ್ನು ಅವರ ಎದುರಿನಲ್ಲೇ ಮಾಡಿ ತೋರಿಸುವ ತೀರ್ಮಾನ ಮಾಡಿದರು. ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣ ತಿರುಗಿದ್ದು ಅಲ್ಲಿ.

ಮೊದಲನೆಯದು, ಕರಡಿನಲ್ಲಿದ್ದ ಹೆಡ್ ಆಫ್ ಹೌಸ್‌ಹೋಲ್ಡ್: ಸುಮಾರು 8,200 ಡಾಲರ್, ಆದರೆ ಸತ್ಯವಲ್ಲ. ಎರಡನೆಯದು, ವಿವಾಹಿತೆಯಾಗಿ ಪ್ರತ್ಯೇಕ ರಿಟರ್ನ್. 2021ರಲ್ಲಿ ಕಾನೂನು ಸ್ವಲ್ಪ ಸಡಿಲವಾಗಿ, ಪ್ರತ್ಯೇಕವಾಗಿ ಸಲ್ಲಿಸುವವರಿಗೂ ಕೆಲವು ಸಂದರ್ಭಗಳಲ್ಲಿ ದುಡಿಮೆಯ ಕ್ರೆಡಿಟ್ ಸಿಗುವಂತಾಗಿದೆ, ಆದರೆ ಅದಕ್ಕೂ ಒಂದೋ ಕೊನೆಯ ಆರು ತಿಂಗಳು ಬೇರೆ ವಾಸವಿರಬೇಕು, ಇಲ್ಲವೇ ಕಾನೂನುಬದ್ಧ ಲಿಖಿತ ಪ್ರತ್ಯೇಕತಾ ಒಪ್ಪಂದ ಅಥವಾ ನ್ಯಾಯಾಲಯದ ಆದೇಶವಿದ್ದು ವರ್ಷದ ಕೊನೆಗೆ ಒಂದೇ ಮನೆಯಲ್ಲಿರಬಾರದು. ಅವರ ಬಳಿ ಅಂಥ ಪತ್ರವಿರಲಿಲ್ಲ, ಮುಗಿದ ವರ್ಷಕ್ಕೆ ಈಗ ಪತ್ರ ಮಾಡಿಸಿ ಪ್ರಯೋಜನವೂ ಇರಲಿಲ್ಲ. ಆ ದಾರಿಯಲ್ಲಿ ಮಕ್ಕಳ ಕ್ರೆಡಿಟ್ ಮಾತ್ರ ಉಳಿದು ರೀಫಂಡ್ ಸುಮಾರು 2,260 ಡಾಲರಿಗೆ ಇಳಿಯುತ್ತಿತ್ತು. ಮೂರನೆಯದು, ಪತಿಯೊಡನೆ ಜಂಟಿ ರಿಟರ್ನ್. ಪತಿಯ ಅಂದಾಜು ಸಂಬಳ 11,000 ಡಾಲರ್ ಸೇರಿಸಿ ನೋಡಿದಾಗ ದುಡಿಮೆಯ ಕ್ರೆಡಿಟ್ ಸುಮಾರು 4,800, ಮಕ್ಕಳ ಕ್ರೆಡಿಟಿನಿಂದ 3,200 ಬಂದು, ಶುಚಿಗೊಳಿಸುವ ಕೆಲಸದ ಮೇಲಿನ ಸ್ವಯಂ-ಉದ್ಯೋಗ ತೆರಿಗೆ 1,130 ಕಳೆದು, ಸಂಬಳಗಳಲ್ಲಿ ಮುರಿದಿದ್ದ ತೆರಿಗೆ ಸೇರಿ ಒಟ್ಟು 7,500 ಡಾಲರಿನ ಆಸುಪಾಸಿಗೆ ಬಂತು.

ಸುಳ್ಳಿಗೂ ಸತ್ಯಕ್ಕೂ ಇದ್ದ ಅಂತರ ಏಳುನೂರು ಡಾಲರ್ ಎಂದು ಕಂಡಾಗ ಶ್ರೀಮತಿ ಸ. ಮತ್ತೆ ಕುರ್ಚಿಯಲ್ಲಿ ಕುಳಿತರು. ಆಗ ಇನ್ನೊಂದು ತೊಡಕು ಹೊರಬಿತ್ತು. ಪತಿಗೆ ಹಿಂದಿನ ಸಂಬಂಧದಿಂದ ಒಂದು ಮಗುವಿದ್ದು, ಅದರ ಪಾಲನೆಯ ಹಣದಲ್ಲಿ ಸಾವಿರಾರು ಡಾಲರ್ ಬಾಕಿಯಿತ್ತು. ಅಂಥ ಬಾಕಿಯನ್ನು ಖಜಾನೆ ಇಲಾಖೆ ರೀಫಂಡಿನಿಂದಲೇ ಮುರಿದುಕೊಳ್ಳುತ್ತದೆ. ಜಂಟಿ ರಿಟರ್ನ್ ಮಾಡಿದರೆ ತನ್ನ ದುಡಿಮೆಯ ಹಣವೂ ಅದರೊಡನೆ ಹೋಗುತ್ತದೆಂಬ ಅವರ ಭಯ ಸಕಾರಣವಾಗಿತ್ತು.

ಇದಕ್ಕೆ ಪರಿಹಾರವಾಗಿ 8379 ಎಂಬ ನಮೂನೆಯಿದೆ. ಒಬ್ಬ ಸಂಗಾತಿಯ ಹಳೆಯ ಬಾಕಿಗೆ ಇನ್ನೊಬ್ಬರ ಪಾಲಿನ ರೀಫಂಡ್ ಬಲಿಯಾಗದಂತೆ, ಆದಾಯ, ಮುರಿದ ತೆರಿಗೆ ಮತ್ತು ಕ್ರೆಡಿಟ್‌ಗಳನ್ನು ಇಬ್ಬರ ನಡುವೆ ಹಂಚಿ ತೋರಿಸಲು ಅದು ಅವಕಾಶ ಕೊಡುತ್ತದೆ. ರಿಟರ್ನಿನ ಜೊತೆಗೇ ವಿದ್ಯುನ್ಮಾನವಾಗಿ ಸಲ್ಲಿಸಿದರೆ ಸುಮಾರು ಹನ್ನೊಂದು ವಾರ ಹಿಡಿಯುತ್ತದೆ. ಬಾಡಿಗೆ ಬಾಕಿಯಿರುವವರಿಗೆ ಹನ್ನೊಂದು ವಾರ ಎಂದರೆ ಏನೆಂದು ನಮಗೆ ತಿಳಿದಿತ್ತು. ಸಂಯೋಜಕರು 211 ಸಹಾಯವಾಣಿಯ ಮೂಲಕ ಬಾಡಿಗೆ ನೆರವಿಗೆ ಅರ್ಜಿ ಹಾಕಿಸಿದರು, ಮನೆ ಮಾಲೀಕರ ಬಳಿ ಕಂತಿನ ಮಾತು ಹೇಗೆ ಆಡಬಹುದೆಂದು ಅವರೊಡನೆ ಚರ್ಚಿಸಿದರು. ತೀರ್ಮಾನವನ್ನು ಅಂದೇ ಹೇಳಬೇಕಿಲ್ಲ, ಮನೆಗೆ ಹೋಗಿ ಯೋಚಿಸಿ ಬನ್ನಿ ಎಂದು ತಿಳಿಸಿ, ಮುಂದಿನ ಸರದಿಯನ್ನು ಕಾದಿರಿಸಿದೆವು.

ಅವರು ಹೊರಡುವ ಮೊದಲು, ಪಕ್ಕದ ಚಿಕ್ಕ ಕೋಣೆಯಲ್ಲಿ ಸಂಯೋಜಕರು ಅವರೊಬ್ಬರೊಡನೆಯೇ ಕುಳಿತು ಇನ್ನೆರಡು ವಿಷಯ ಮಾತಾಡಿದರು. ಪತಿಯಿಂದ ಭಯ, ಒತ್ತಾಯ ಇದೆಯೇ ಎಂಬುದು ಮೊದಲನೆಯದು; ಇಲ್ಲವೆಂದು ಅವರು ಸ್ಪಷ್ಟವಾಗಿ ಹೇಳಿದರು. ಜಂಟಿ ರಿಟರ್ನಿಗೆ ಸಹಿ ಹಾಕಿದವರು ಅದರ ಪೂರ್ತಿ ತೆರಿಗೆಗೆ ಇಬ್ಬರೂ ಹೊಣೆ, ಮುಂದೆ ವಿಚ್ಛೇದನವಾದರೂ ಆ ಹೊಣೆ ಹೋಗುವುದಿಲ್ಲ ಎಂಬುದು ಎರಡನೆಯದು. ಪತಿ ಮುಚ್ಚಿಟ್ಟ ಆದಾಯವಿದ್ದರೆ ಅದರ ತೆರಿಗೆ ಇವರ ತಲೆಯ ಮೇಲೂ ಬರುತ್ತದೆ. 8379 ಹಳೆಯ ಬಾಕಿಯಿಂದ ರಕ್ಷಿಸುತ್ತದೆ, ಈ ಹೊಸ ಹೊಣೆಯಿಂದ ರಕ್ಷಿಸುವುದಿಲ್ಲ.

ನಡೆದದ್ದು

ಮಾರ್ಚ್ ಮಧ್ಯದಲ್ಲಿ ಇಬ್ಬರೂ ಬಂದರು. ಪತಿಯೊಡನೆ ಪ್ರತ್ಯೇಕವಾಗಿ ಮಾತಾಡಿದೆವು. ಅವರು ಎರಡು ಗೋದಾಮುಗಳ ಸಂಬಳದ ಡಬ್ಲ್ಯು-2 ನಮೂನೆಗಳನ್ನು ತಂದಿದ್ದರು. ನಿರುದ್ಯೋಗ ಭತ್ಯೆ ಬಂದಿತ್ತೇ, ಆ್ಯಪ್ ಮೂಲಕ ಕಾರು ಓಡಿಸಿದ್ದುಂಟೇ, ಊಟ ತಲುಪಿಸುವ ಕೆಲಸ ಮಾಡಿದ್ದುಂಟೇ ಎಂದು ಒಂದೊಂದನ್ನೂ ಕೇಳಿ ಖಚಿತಪಡಿಸಿಕೊಂಡೆವು. ಖಜಾನೆಯ ದೂರವಾಣಿಗೆ ತಾವೇ ಕರೆ ಮಾಡಿ ಬಾಕಿಯ ಮಾಹಿತಿ ದಾಖಲಾಗಿರುವುದನ್ನೂ ಅವರು ದೃಢಪಡಿಸಿಕೊಂಡರು. ತನ್ನ ಪಾಲಿನ ಹಣ ಮೊದಲ ಮಗುವಿಗೆ ಹೋಗುವುದಕ್ಕೆ ಅವರ ತಕರಾರಿರಲಿಲ್ಲ.

ಶುಚಿಗೊಳಿಸುವ ಕೆಲಸದ ಲೆಕ್ಕಕ್ಕೂ ಸಮಯ ಕೊಟ್ಟೆವು. ಶ್ರೀಮತಿ ಸ. ಯಾವ ಖರ್ಚನ್ನೂ ಬರೆದಿಟ್ಟಿರಲಿಲ್ಲ. ಕೈಗವಸು, ದ್ರಾವಣಗಳ ರಸೀದಿಗಳು ಅವರ ಬ್ಯಾಂಕ್ ಖಾತೆಯ ಪಟ್ಟಿಯಿಂದ ಸಿಕ್ಕವು. ಒಂದು ಕಚೇರಿಯಿಂದ ಇನ್ನೊಂದಕ್ಕೆ ಓಡಿಸಿದ ಕಾರಿನ ದೂರವನ್ನು ಕೆಲಸದ ವೇಳಾಪಟ್ಟಿಯ ಸಂದೇಶಗಳಿಂದ ಕಟ್ಟಿಕೊಂಡು, ಆ ವರ್ಷದ ದರವಾದ ಮೈಲಿಗೆ 65.5 ಸೆಂಟ್‌ನಂತೆ ಲೆಕ್ಕ ಹಾಕಿದೆವು. ಒಟ್ಟು ಖರ್ಚು 1,600 ಡಾಲರ್ ಆಗಿ ನಿವ್ವಳ ಆದಾಯ 8,000ಕ್ಕೆ ನಿಂತಿತು. ಅವರನ್ನು ನೌಕರರೆಂದೇ ಪರಿಗಣಿಸಬೇಕಿತ್ತಲ್ಲವೇ ಎಂಬ ಪ್ರಶ್ನೆಯೂ ಇತ್ತು: ಸಮಯ, ಜಾಗ, ಕೆಲಸದ ರೀತಿ ಎಲ್ಲವನ್ನೂ ಕೆಲಸ ಕೊಟ್ಟವರೇ ನಿರ್ಧರಿಸುತ್ತಿದ್ದರು. ಅದನ್ನು ಪ್ರಶ್ನಿಸುವ ವಿಧಾನವಿದೆ ಎಂದು ತಿಳಿಸಿದೆವು. ಕೆಲಸ ಹೋಗುವ ಭಯದಿಂದ ಅವರು ಬೇಡವೆಂದರು, ಆ ನಿರ್ಧಾರ ಅವರದೇ ಆಗಬೇಕಾಗಿದ್ದರಿಂದ ನಾವು ಒತ್ತಾಯಿಸಲಿಲ್ಲ.

ಹಿಂದಿನ ವರ್ಷದ ರಿಟರ್ನನ್ನು ನೋಡಿದಾಗ ಇನ್ನೂ ಗಂಭೀರ ಸಂಗತಿ ಕಂಡಿತು. 2022ರಲ್ಲಿ ದಂಪತಿ ವರ್ಷವಿಡೀ ಒಟ್ಟಿಗೇ ಇದ್ದರು, ಆದರೂ ಅಂಗಡಿಯವರು ಹೆಂಡತಿಯನ್ನು ಹೆಡ್ ಆಫ್ ಹೌಸ್‌ಹೋಲ್ಡ್ ಎಂದೂ ಗಂಡನನ್ನು ಅವಿವಾಹಿತ ಎಂದೂ ಸಲ್ಲಿಸಿದ್ದರು. ಹಣ ಪಡೆದು ರಿಟರ್ನ್ ತಯಾರಿಸುವವರು ತಮ್ಮ ಗುರುತಿನ ಸಂಖ್ಯೆಯೊಡನೆ ಅದಕ್ಕೆ ಸಹಿ ಹಾಕಲೇಬೇಕೆಂಬ ಕಾನೂನಿದೆ. ಇದರಲ್ಲಿ ಆ ಜಾಗ ಖಾಲಿಯಿತ್ತು, ದಂಪತಿ ತಾವೇ ತಯಾರಿಸಿದಂತೆ ತೋರುತ್ತಿತ್ತು. ಮಾಡಿಕೊಟ್ಟವರು ಯಾರೇ ಆದರೂ ರಿಟರ್ನಿನಲ್ಲಿರುವುದಕ್ಕೆ ಹೊಣೆ ತೆರಿಗೆದಾರರದೇ. ತಪ್ಪನ್ನೂ ಅದರ ಪರಿಣಾಮವನ್ನೂ ಅವರಿಗೆ ತಿಳಿಸುವುದು ನಮ್ಮ ಕರ್ತವ್ಯ, ತಿದ್ದುಪಡಿ ಮಾಡುವುದು ಅವರ ನಿರ್ಧಾರ. ಇಲ್ಲಿ ಜಂಟಿ ಹೊಣೆಯ ಪ್ರಶ್ನೆಯೂ ಸೇರಿದ್ದರಿಂದ, ಅದನ್ನು ನಾವೇ ಮಾಡದೆ ಕಡಿಮೆ ಆದಾಯದವರಿಗಾಗಿ ಇರುವ ತೆರಿಗೆ ಕಾನೂನು ನೆರವು ಕೇಂದ್ರಕ್ಕೆ ಕಳಿಸಿದೆವು. ಐಆರ್‌ಎಸ್ ಅನುದಾನದಿಂದ ನಡೆದರೂ ಸ್ವತಂತ್ರವಾಗಿ ತೆರಿಗೆದಾರರ ಪರ ನಿಲ್ಲುವ ಈ ಕೇಂದ್ರಗಳು ವೀಟಾದ ವ್ಯಾಪ್ತಿ ಮುಗಿಯುವ ಕಡೆ ಕೆಲಸ ಆರಂಭಿಸುತ್ತವೆ. ಪ್ರತಿ ಸ್ವಯಂಸೇವಕರ ಬಳಿ ಹತ್ತಿರದ ಕೇಂದ್ರದ ವಿಳಾಸ ಇರಬೇಕು.

2023ರ ಜಂಟಿ ರಿಟರ್ನ್ ಮತ್ತು 8379 ಅದೇ ದಿನ ಸಲ್ಲಿಕೆಯಾಗಿ ಸ್ವೀಕೃತವಾದವು. ಬಾಡಿಗೆ ನೆರವಿನಿಂದ ಒಂದು ತಿಂಗಳ ಬಾಕಿ ತೀರಿತು, ಉಳಿದದ್ದಕ್ಕೆ ಮಾಲೀಕರು ಬೇಸಿಗೆಯವರೆಗೆ ಗಡುವು ಕೊಟ್ಟರು. ಜೂನ್ ಆರಂಭದಲ್ಲಿ ಶ್ರೀಮತಿ ಸ. ಅವರ ಪಾಲಾಗಿ 5,800 ಡಾಲರಿನಷ್ಟು ಬಂತು. ಉಳಿದ ಭಾಗ ಪತಿಯ ಮೊದಲ ಮಗುವಿನ ಬಾಕಿಗೆ ಜಮೆಯಾಯಿತು.

ಕೇಂದ್ರದಲ್ಲಿ ಬದಲಾದದ್ದು

ಋತು ಮುಗಿದ ಮೇಲಿನ ಸಭೆಯಲ್ಲಿ ಈ ಕಡತವನ್ನು ಹೆಸರಿಲ್ಲದೆ ಚರ್ಚೆಗೆ ಇಟ್ಟೆವು. ಮಾಹಿತಿ ನಮೂನೆಯ ಹೌದು-ಇಲ್ಲಗಳನ್ನು ಉತ್ತರವೆಂದು ನಂಬದೆ, ಮಾತುಕತೆಯ ಆರಂಭವೆಂದು ಮಾತ್ರ ನೋಡಬೇಕೆಂಬುದು ಮೊದಲ ಒಪ್ಪಿಗೆ. ಬೇರೆಯಾಗಿರುವ ದಂಪತಿಯ ವಿಷಯದಲ್ಲಿ ಈಗ ನಾವು ‘ಜೊತೆಗಿದ್ದಿರಾ’ ಎಂದು ಕೇಳುವುದಿಲ್ಲ. ಜುಲೈಯಿಂದ ಡಿಸೆಂಬರ್‌ವರೆಗೆ ಅವರು ಎಲ್ಲಿ ಮಲಗುತ್ತಿದ್ದರು, ಅವರ ಬಟ್ಟೆ ಎಲ್ಲಿತ್ತು, ಅಂಚೆ ಎಲ್ಲಿಗೆ ಬರುತ್ತಿತ್ತು ಎಂದು ತಿಂಗಳ ಕ್ರಮದಲ್ಲಿ ಕೇಳುತ್ತೇವೆ. ಈ ಪ್ರಶ್ನೆಗಳು ಸಂಕೋಚ ಹುಟ್ಟಿಸುವಂಥವು, ಹಾಗಾಗಿ ಏಕೆ ಕೇಳುತ್ತಿದ್ದೇವೆಂದು ಮೊದಲೇ ಹೇಳುತ್ತೇವೆ ಮತ್ತು ಪಕ್ಕದ ಮೇಜಿಗೆ ಕೇಳಿಸದ ಜಾಗದಲ್ಲಿ ಕೇಳುತ್ತೇವೆ.

ಒಂದು ದಾರಿ ಮುಚ್ಚಿದಾಗ ಉಳಿದ ದಾರಿಗಳ ಲೆಕ್ಕವನ್ನು ತೋರಿಸದೆ ಯಾರನ್ನೂ ಕಳಿಸಬಾರದೆಂಬುದು ಎರಡನೆಯದು. ಇದಕ್ಕೆ ವಿರೋಧವೂ ಬಂತು: ಒಬ್ಬರಿಗೆ ಎರಡು ಪಟ್ಟು ಸಮಯ ಕೊಟ್ಟರೆ ಹೊರಗೆ ಕಾಯುವವರಲ್ಲಿ ಇಬ್ಬರು ಹಿಂದಿರುಗಬೇಕಾಗುತ್ತದೆ. ಈ ಆಕ್ಷೇಪ ನ್ಯಾಯವಾದದ್ದೇ. ಸರಳ ರಿಟರ್ನ್‌ಗಳಿಗೆ ದಾಖಲೆ ಬಿಟ್ಟುಹೋಗಿ ನಂತರ ಬಂದು ಸಹಿ ಹಾಕುವ ವ್ಯವಸ್ಥೆ ಮಾಡಿ, ಉಳಿದ ಸಮಯವನ್ನು ತೊಡಕಿನ ಪ್ರಕರಣಗಳಿಗೆ ಇಡುತ್ತಿದ್ದೇವೆ. ಸಾಲು ಇನ್ನೂ ಉದ್ದವೇ ಇದೆ. ಆದರೂ ಈ ಸಮಯವನ್ನು ಕಡಿತ ಮಾಡಬಾರದೆಂದು ನಾನು ವಾದಿಸುತ್ತಲೇ ಬಂದಿದ್ದೇನೆ. ಅಂಗಡಿಯವರು ನಿಮಿಷಗಳಲ್ಲಿ ರಿಟರ್ನ್ ಮುಗಿಸಬಲ್ಲರು, ಮುಂಗಡವನ್ನೂ ಕೊಡಬಲ್ಲರು. ಆಗಸ್ಟ್‌ನಲ್ಲಿ ದಿನಸಿ ಯಾರು ತಂದರು ಎಂದು ಕೇಳುವ ವ್ಯವಧಾನ ಮಾತ್ರ ಅಲ್ಲಿರುವುದಿಲ್ಲ.

2022ರ ರಿಟರ್ನನ್ನು ಕಾನೂನು ನೆರವು ಕೇಂದ್ರದವರು ಜಂಟಿಯಾಗಿ ತಿದ್ದುಪಡಿ ಮಾಡಿಸಿದರು. ಬಡ್ಡಿ ಸೇರಿ ಎರಡು ಸಾವಿರ ಡಾಲರಿಗೆ ಸಮೀಪದ ಬಾಕಿ ಬಂದು, ಅದನ್ನು ತಿಂಗಳ ಕಂತುಗಳಲ್ಲಿ ತೀರಿಸಲು ಒಪ್ಪಂದವಾಯಿತು. ಸಹಿ ಹಾಕದೆ ರಿಟರ್ನ್ ತಯಾರಿಸಿದ ಅಂಗಡಿಯ ವಿರುದ್ಧ ದಂಪತಿ ಐಆರ್‌ಎಸ್‌ಗೆ ದೂರು ಕೊಟ್ಟರು. 2025ರ ಫೆಬ್ರವರಿಯಲ್ಲಿ ಶ್ರೀಮತಿ ಸ. ಮತ್ತೆ ಬಂದಾಗ ಪತಿಯ ಬೇರೆ ಮನೆಯ ಬಾಡಿಗೆ ಕರಾರಿನ ಪ್ರತಿ, ಮಕ್ಕಳ ಶಾಲೆಯ ಪತ್ರ, ಕಾರು ಓಡಿಸಿದ ದೂರವನ್ನು ದಿನಾಂಕದೊಡನೆ ಬರೆದ ಪುಸ್ತಕ ಅವರ ಕೈಯಲ್ಲಿದ್ದವು. 2024ರ ಕೊನೆಯ ಆರು ತಿಂಗಳು ಪತಿ ಶ್ರೀಮತಿ ಸ. ಅವರ ಮನೆಯಲ್ಲಿ ಒಂದು ದಿನವೂ ವಾಸವಿರಲಿಲ್ಲ. ಹೆಡ್ ಆಫ್ ಹೌಸ್‌ಹೋಲ್ಡ್ ಆಗಿ ರಿಟರ್ನ್ ಸಲ್ಲಿಸಿದೆವು. ಕಂತಿನ ಬಾಕಿಯಲ್ಲಿ ಉಳಿದಿದ್ದದ್ದು ಆ ರೀಫಂಡಿನಿಂದಲೇ ಮುರಿದುಹೋಗಿ, ಮಿಕ್ಕ ಹಣ ಮಾರ್ಚ್‌ನಲ್ಲಿ ಅವರ ಖಾತೆಗೆ ಬಂತು.